ಯು, ಸಿ, ಜೆ ಆಮೇಲೆ; ಮೊದಲು ಮಂಚ ಅಳೆಯಿರಿ

ಪ್ರಶ್ನೆ: ಅಕ್ಕಾ, ನನಗೀಗ ಆರು ತಿಂಗಳು. ಮಗ್ಗುಲಾಗಿ ಮಲಗಿ ಅಂತ ಡಾಕ್ಟರು ಹೇಳಿದ್ದಾರೆ. ಹಾಗೆ ಮಲಗಿದರೆ ಸ್ವಲ್ಪ ಹೊತ್ತಿಗೇ ಸೊಂಟ ಹಿಡಿದುಕೊಳ್ಳುತ್ತದೆ. ಬಾಡಿ ಪಿಲ್ಲೋ, ಅಂದರೆ ಮೈಯುದ್ದದ ದಿಂಬು, ತರಿಸೋಣ ಅಂತ ಮೊಬೈಲಿನಲ್ಲಿ ನೋಡಿದರೆ ಯು, ಸಿ, ಜೆ ಅಂತ ಅಕ್ಷರಮಾಲೆಯೇ ಇದೆ, ಜೊತೆಗೆ ನೇರವಾದ್ದು ಬೇರೆ. ನನ್ನ ಎತ್ತರ ಐದಡಿ ಎರಡಿಂಚು. ನಮ್ಮ ಮಂಚ ನಾಲ್ಕೂವರೆ ಅಡಿ ಅಗಲ, ಸೊಳ್ಳೆಪರದೆ ಕಟ್ಟಿಯೇ ಮಲಗುವುದು. ಜುಲೈನಲ್ಲಿ ಶಿರಸಿ ಕಡೆಯ ತವರಿಗೆ ಹೋಗುತ್ತೇನೆ. ಆಯಿ ‘ಎರಡು ತಲೆದಿಂಬು ಇಟ್ಕಂಡ್ರೆ ಸಾಕು’ ಅಂತಾಳೆ. ಯಾವ ಆಕಾರ, ಎಷ್ಟು ಅಳತೆಯದು ತರಲಿ? (ಕುಮಟಾದ ಓದುಗರೊಬ್ಬರು)

ಉತ್ತರ: ನೇರವಾದ್ದೇ ತನ್ನಿ. ಸುಮಾರು 48 ಇಂಚು ಉದ್ದ, ಕಾಲಿನ ಭಾರ ಬಿದ್ದ ಮೇಲೂ ಐದಾರು ಇಂಚು ದಪ್ಪ ಉಳಿಯಬೇಕು, ಒಳಗೆ ಪಾಲಿಯೆಸ್ಟರ್ ಫೈಬರ್, ಮೇಲೆ ಜಿಪ್ ಇರುವ ಹತ್ತಿ ಬಟ್ಟೆಯ ಎರಡು ಕವರ್. ಆದರೆ ದುಡ್ಡು ಕೊಡುವ ಮುಂಚೆ ಆಯಿಯ ಮಾತನ್ನು ಒಂದು ವಾರ ಕೇಳಿ ನೋಡಿ. ಅವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿಯಿದೆ.

ಮಗ್ಗುಲಾಗಿ ಮಲಗಿದಾಗ ಮೇಲಿನ ಕಾಲು ಮುಂದಕ್ಕೆ ಜಾರಿ ಹಾಸಿಗೆಗೆ ಬೀಳುತ್ತದೆ. ಅದರ ಹಿಂದೆಯೇ ಸೊಂಟ ತಿರುಚುತ್ತದೆ. ಬಸುರಿನಲ್ಲಿ ಸೊಂಟದ ಕೀಲುಗಳ ಕಟ್ಟು ಮೊದಲೇ ಸಡಿಲವಾಗಿರುತ್ತದೆ, ಹೊಟ್ಟೆಯ ಭಾರವೂ ಒಂದೇ ಕಡೆಗೆ ಎಳೆಯುತ್ತದೆ. ನೋವು ಶುರುವಾಗುವುದು ಇಲ್ಲಿಂದ. ದಿಂಬು ಮಾಡಬೇಕಾದ ಮುಖ್ಯ ಕೆಲಸವೆಂದರೆ ಮೇಲಿನ ತೊಡೆ, ಮೊಣಕಾಲು, ಹಿಮ್ಮಡಿ ಮೂರನ್ನೂ ಒಂದೇ ಮಟ್ಟದಲ್ಲಿ ಎತ್ತಿ ಹಿಡಿಯುವುದು. ಎರಡು ತಲೆದಿಂಬು ಸೋಲುವುದೂ ಅಲ್ಲೇ. ಮೊಣಕಾಲಿನ ನಡುವೆ ಇಟ್ಟ ದಿಂಬು ಅಷ್ಟಕ್ಕೇ ಮುಗಿಯುತ್ತದೆ, ಪಾದ ಕೆಳಗೆ ಜೋತು ಬೀಳುತ್ತದೆ, ಪಾದ ಜೋತರೆ ತೊಡೆ ಮತ್ತೆ ಒಳಕ್ಕೆ ತಿರುಗುತ್ತದೆ. ನಡುರಾತ್ರಿ ಎರಡರಲ್ಲೊಂದು ಮಂಚದ ಕೆಳಗಿರುತ್ತದೆ. ಎರಡು ದಿಂಬನ್ನು ಉದ್ದಕ್ಕೆ ಜೋಡಿಸಿ, ಹಳೇ ಪಂಚೆಯಲ್ಲಿ ಬಿಗಿಯಾಗಿ ಸುತ್ತಿ, ತುದಿಗಳನ್ನು ಕಟ್ಟಿ ನೋಡಿ. ಇದರಲ್ಲೇ ನಿದ್ದೆ ಬಂದರೆ ಖರ್ಚು ಉಳಿಯಿತು.

ಬರಲಿಲ್ಲವೋ, ಅಳತೆಗೆ ಬನ್ನಿ. ಉದ್ದ ಗೊತ್ತುಮಾಡುವುದು ಸುಲಭ. ಮೊಣಕಾಲು ತುಸು ಮಡಚಿ ಮಗ್ಗುಲಾಗಿ ಮಲಗಿ, ಯಾರಾದರೂ ಟೇಪಿನಲ್ಲಿ ಗಲ್ಲದಿಂದ ಹಿಮ್ಮಡಿಯವರೆಗೆ ಅಳೆಯಲಿ. ಐದಡಿ ಎರಡಿಂಚಿನವರಿಗೆ ಅದು ನಾಲ್ಕಡಿಯೊಳಗೇ ಬರುತ್ತದೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 54 ಇಂಚಿನದು ಐದೂವರೆ ಅಡಿ ದಾಟಿದವರಿಗೆ, ಇಲ್ಲವೇ ಅದೇ ದಿಂಬಿನ ತುದಿಯ ಮೇಲೆ ತಲೆಯನ್ನೂ ಇಡುವವರಿಗೆ. ತಲೆ ಇಡುವುದು ನನಗಂತೂ ಸರಿ ಕಾಣುವುದಿಲ್ಲ. ತಲೆಗೆ ಬೇಕಾದ ಎತ್ತರ ಭುಜದ ಅಗಲದ್ದು, ಕಾಲಿಗೆ ಬೇಕಾದದ್ದೇ ಬೇರೆ. ಅದರಲ್ಲೂ ನಾರಿನ ಗಟ್ಟಿ ಹಾಸಿಗೆಯಾದರೆ ಭುಜ ಒಳಗೆ ಇಳಿಯುವುದಿಲ್ಲ, ಹಾಗಾಗಿ ತಲೆದಿಂಬು ಇನ್ನೂ ಸ್ವಲ್ಪ ಎತ್ತರ ಬೇಕು.

ಜನ ಎಡವುವುದು ದಪ್ಪದಲ್ಲಿ. ಲೇಬಲ್ಲಿನ ಮೇಲೆ 54 ಗುಣಿಸು 20 ಎಂದಿದ್ದರೆ ಆ 20 ಸಾಮಾನ್ಯವಾಗಿ ಚಪ್ಪಟೆ ಹಾಸಿದ ಬಟ್ಟೆಯ ಅಗಲ. ಅದಕ್ಕೆ ಗಡದ್ದಾಗಿ ತುಂಬಿದರೆ ಹನ್ನೆರಡು ಇಂಚಿಗೂ ಮೀರಿದ ಉರುಳೆಯಾಗುತ್ತದೆ. ಅದನ್ನು ಕಾಲಿನ ನಡುವೆ ಇಟ್ಟುಕೊಂಡರೆ ತೊಡೆ ಅಗಲಿಸಿದಂತಾಗಿ, ಬೆಳಿಗ್ಗೆ ತೊಡೆಸಂದಿ ನೋಯುತ್ತದೆ. ಅದೇ ಅಳತೆಯ ಬಟ್ಟೆಗೆ ಅರೆಬರೆ ತುಂಬಿದರೆ ತಿಂಗಳೊಳಗೆ ಚಪ್ಪಟೆ. ಹೀಗೆ ಲೇಬಲ್ ಒಂದೇ ಇದ್ದರೂ ದಿಂಬು ಒಂದೇ ಆಗಿರುವುದಿಲ್ಲ. ನಿಮಗೆ ಎಷ್ಟು ದಪ್ಪ ಬೇಕೆಂದು ಮನೆಯಲ್ಲೇ ತಿಳಿದುಕೊಳ್ಳಬಹುದು. ಮಗ್ಗುಲಾಗಿ ಮಲಗಿ ಮೊಣಕಾಲಿನ ನಡುವೆ ಚಾದರ ಮಡಚಿ ಇಡಿ. ಸೊಂಟದ ಎಳೆತ ಬಿಡುವವರೆಗೆ ಒಂದೊಂದೇ ಮಡಿಕೆ ಹೆಚ್ಚಿಸುತ್ತ ಹೋಗಿ, ಹಿತವಾದಾಗ ಆ ಮಡಿಕೆಯನ್ನು ಕಾಲಿನಿಂದ ಒತ್ತಿಕೊಂಡಂತೆಯೇ ಅಳೆಯಿರಿ. ನಿಮ್ಮ ಎತ್ತರದವರಿಗೆ ಸಾಮಾನ್ಯವಾಗಿ ಐದು ಇಂಚಿನ ಹಿಂದೆಮುಂದೆ ಬರುತ್ತದೆ. ಅಂಗಡಿಯಲ್ಲಿ ದಿಂಬನ್ನು ಮೊಣಕೈಯಿಂದ ಒತ್ತಿದಾಗ ಅಷ್ಟು ಉಳಿಯಬೇಕು, ಕೈ ತೆಗೆದ ಕೂಡಲೇ ಮತ್ತೆ ಏಳಬೇಕು.

ಊರಿನಲ್ಲಿ ಹಾಸಿಗೆ ಹೊಲಿಯುವವರು ಇದ್ದರೆ ಅಳತೆ ಕೊಟ್ಟು ಮಾಡಿಸುವುದೇ ಒಳ್ಳೆಯದು. ಒತ್ತಿದಾಗ ಐದಾರು ಇಂಚು ಉಳಿಯಬೇಕಾದರೆ ಒತ್ತುವ ಮುಂಚೆ ಎಂಟು ಇಂಚು ದಪ್ಪ ಇರಲಿ; ಅಂಥ ಉದ್ದ ದಿಂಬಿಗೆ ಸುತ್ತಳತೆ 25 ಇಂಚು, ಹೊಲಿಗೆಗೆ ಇನ್ನೊಂದು ಇಂಚು. ‘ದಿವಾನದ ಲೋಡಿನಷ್ಟು ಗಟ್ಟಿ ಬೇಡ’ ಎಂದು ಎರಡು ಸಲ ಹೇಳಿ. ಒಂದು ಸಲ ಹೇಳಿದರೆ ಲೋಡೇ ಬರುತ್ತದೆ.

ಇನ್ನು ನಿಮ್ಮ ಅಕ್ಷರಮಾಲೆ. ಯು ಆಕಾರದ್ದಕ್ಕೆ ಒಂದು ದೊಡ್ಡ ಗುಣವಿದೆ: ಹೊಟ್ಟೆಗೂ ಬೆನ್ನಿಗೂ ಒಟ್ಟಿಗೆ ಆಸರೆ, ಮಗ್ಗುಲು ಬದಲಿಸಿದಾಗ ದಿಂಬನ್ನು ಎತ್ತಿ ಆಚೆ ಹಾಕುವ ಕೆಲಸವಿಲ್ಲ. ಆರಡಿ ಅಗಲದ ಮಂಚ, ಎಸಿ ಕೋಣೆ ಇರುವವರು ಧಾರಾಳವಾಗಿ ಕೊಳ್ಳಲಿ. ನಿಮ್ಮ ಲೆಕ್ಕ ಬೇರೆ. ಮಂಚ 54 ಇಂಚು, ಯು ದಿಂಬು ಕಡಿಮೆಯೆಂದರೂ 30 ಇಂಚು ಹಿಡಿಯುತ್ತದೆ. ಉಳಿದ ಎರಡಡಿಯಲ್ಲಿ ನಿಮ್ಮ ಯಜಮಾನರು ಮಲಗಬೇಕು. ದಿಂಬು ಪರದೆಯನ್ನು ಹೊರಕ್ಕೆ ದೂಡುತ್ತದೆ, ಮೈ ಪರದೆಗೆ ತಾಗಿದ ಕಡೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ. ರಾತ್ರಿ ಮೂರು ಸಲ ಬಚ್ಚಲಿಗೆ ಏಳುವ ದಿನಗಳಲ್ಲಿ ಆ ಕೋಟೆಯಿಂದ ಇಳಿಯುವುದೂ ಒಂದು ಕೆಲಸ. ಎಲ್ಲಕ್ಕಿಂತ ಹೆಚ್ಚಾಗಿ ಸೆಕೆ! ಮೇ ತಿಂಗಳ ಕುಮಟಾದಲ್ಲಿ ಎರಡೂ ಮಗ್ಗುಲಿಗೆ ದಿಂಬು ಆನಿಸಿಕೊಂಡು ಮಲಗಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಸಿ ಆಕಾರದ್ದು ಬೆನ್ನಿಗೆ ಅಥವಾ ಹೊಟ್ಟೆಗೆ, ಒಂದೇ ಕಡೆಗೆ. ತಿರುಗಿದಾಗ ದಿಂಬನ್ನೂ ತಿರುಗಿಸಬೇಕು. ಜೆ ಅದಕ್ಕಿಂತ ಸಣ್ಣದು, ಜಾಗ ಕಡಿಮೆ ಸಾಕು. ನೇರ ದಿಂಬಿನ ಜೊತೆ ಹೊಟ್ಟೆಯ ಅಡಿಗೆ ಏನಾದರೂ ಬೇಕೆನಿಸಿದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗಿರುವ ಸಣ್ಣ ವೆಜ್ ದಿಂಬು ಸಿಗುತ್ತದೆ. ಟವೆಲ್ ಮಡಚಿ ಇಟ್ಟರೂ ಅದೇ ಕೆಲಸ ಆಗುತ್ತದೆ.

ನಮ್ಮ ಕರಾವಳಿಯಲ್ಲಿ ಆಕಾರದಷ್ಟೇ ತೂಕದ ಪ್ರಶ್ನೆ ಒಣಗಿಸುವುದು. ಕಾರವಾರದಿಂದ ಭಟ್ಕಳದವರೆಗೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್, ಕೆಲವೆಡೆ ಇನ್ನೂ ಹೆಚ್ಚು ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆಯೇ. ನಿಮ್ಮ ದಿಂಬಿನ ಆಯುಷ್ಯವೆಲ್ಲ ಆ ತಿಂಗಳುಗಳಲ್ಲೇ ಕಳೆಯಲಿದೆ. ಒಳಗೆ ಹತ್ತಿ ತುಂಬಿದ್ದರೆ ಅದು ಬೆವರನ್ನೂ ಹವೆಯ ತೇವವನ್ನೂ ಹೀರಿಕೊಂಡು ಗಂಟು ಕಟ್ಟುತ್ತದೆ, ಬಿಸಿಲು ಕಾಣದಿದ್ದರೆ ಬೂಸಲು ಹಿಡಿಯುತ್ತದೆ. ಬೂರುಗದ ಹತ್ತಿ ವಾಸಿ. ಅದರ ಎಳೆಯ ಮೇಲೆ ಮೇಣದಂಥ ಲೇಪವಿದ್ದು ನೀರು ಬೇಗ ಹಿಡಿಯುವುದಿಲ್ಲ. ಬಿಳಿ ಬೂರುಗವನ್ನು ಹಿಂದೆ ಲೈಫ್ ಜಾಕೆಟ್ಟಿಗೂ ತುಂಬುತ್ತಿದ್ದರು. ಆದರೆ ತೊಳೆಯಲು ಬರುವುದಿಲ್ಲ, ಬಟ್ಟೆಯ ನೇಯ್ಗೆ ಸಡಿಲವಿದ್ದರೆ ಸಣ್ಣ ಎಳೆ ಹೊರಗೆ ಹಾರುತ್ತದೆ, ಕೆಮ್ಮು ದಮ್ಮು ಇರುವವರಿಗೆ ಆಗಿಬರುವುದಿಲ್ಲ. ಮೆಮೊರಿ ಫೋಮ್ ಮೈಗೆ ಹೊಂದಿಕೊಳ್ಳುತ್ತದೆ ನಿಜ, ಜೊತೆಗೆ ಮೈಯ ಬಿಸಿಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಫೈಬರ್ ನೋಡಲು ಸಾಧಾರಣವೇ, ಆದರೂ ತೇವ ಹೀರುವುದಿಲ್ಲ, ತೊಳೆಯಬಹುದು, ಬೇಗ ಆರುತ್ತದೆ. ತೇವದ ಹವೆಯಲ್ಲಿ ಧೂಳಿನ ಹುಳ ಹೆಚ್ಚುವುದರಿಂದ ಕವರನ್ನು ವಾರಕ್ಕೊಮ್ಮೆ ಚೆನ್ನಾಗಿ ಬಿಸಿ ನೀರಿನಲ್ಲಿ ಒಗೆಯಿರಿ. 60 ಡಿಗ್ರಿ ಇದ್ದರೆ ಹುಳ ಸಾಯುತ್ತದೆ. ಎರಡು ಕವರ್ ಬೇಕೆಂದದ್ದು ಇದಕ್ಕೇ. ನೇರ ದಿಂಬಿನ ಕವರನ್ನು ಚಾವಡಿಯ ಹಗ್ಗದ ಮೇಲೆ ಹರವಿದರೆ ಆಯಿತು, ಯು ಆಕಾರದ ಕವರಿಗೆ ಹಗ್ಗವೂ ಸಾಲದು.

ಸೆಕೆಯ ನಾಡಿನವರು ಇದಕ್ಕೆಲ್ಲ ಬಹಳ ಹಿಂದೆಯೇ ದಾರಿ ಕಂಡುಕೊಂಡಿದ್ದರು. ಇಂಡೋನೇಷ್ಯಾದಲ್ಲಿ ಗುಲಿಂಗ್ ಎನ್ನುವ ಉದ್ದ ದಿಂಬು ಇವತ್ತಿಗೂ ಮನೆಮನೆಯ ವಸ್ತು, ಬಂಗಾಳದಲ್ಲಿ ಕೋಲ್ ಬಾಲಿಶ್ ಇದೆ. ಬೇರೆ ಕೆಲವೆಡೆ ಗಾಳಿಯಾಡಲಿ ಎಂದು ಬಿದಿರಿನಲ್ಲಿ ಟೊಳ್ಳಾಗಿ ಹೆಣೆದದ್ದೇ ಇತ್ತು. ಎಲ್ಲವೂ ನೇರವಾದವೇ.

ತವರಿಗೆ ಹೋಗುವಾಗಲೂ ನೇರ ದಿಂಬೇ ಅನುಕೂಲ. ಮಡಚಿ ಗೋಣಿಯಂಥ ಚೀಲಕ್ಕೆ ತುರುಕಿದರೆ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲೂ ತೊಡೆಯ ಮೇಲೆ ಇಟ್ಟುಕೊಳ್ಳಬಹುದು. ಘಟ್ಟದ ಮೇಲೆ ಸೆಕೆ ಕಡಿಮೆ, ಆದರೆ ಜುಲೈನಲ್ಲಿ ಬಿಸಿಲಿನ ಮುಖವೇ ಇರುವುದಿಲ್ಲ. ಬಚ್ಚಲೊಲೆಯ ಮೇಲೆ ಕವರ್ ಒಣಗಿಸಿ, ಹೊಗೆಯ ವಾಸನೆಗೆ ನೀವು ಹುಟ್ಟಿದಾಗಿನಿಂದ ಒಗ್ಗಿದ್ದೀರಿ. ದಿಂಬನ್ನು ಮಾತ್ರ ಒಲೆಯ ಹತ್ತಿರ ತರಬೇಡಿ, ಫೈಬರ್‌ಗೆ ಕಿಡಿ ತಾಗಿದರೆ ಕರಗಿ ಹತ್ತಿಕೊಳ್ಳುತ್ತದೆ.

ಎಡಮಗ್ಗುಲೋ ಬಲಮಗ್ಗುಲೋ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾಲಿನ ಕಡೆಯಿಂದ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳ ಬೆನ್ನುಮೂಳೆಯ ಬಲಕ್ಕಿದೆ. ಅಂಗಾತ ಮಲಗಿದರೆ ಗರ್ಭದ ಭಾರ ಅದರ ಮೇಲೆ ಬೀಳುತ್ತದೆ. 28 ವಾರ ದಾಟಿದ ಮೇಲೆ ಮಗ್ಗುಲಾಗಿಯೇ ನಿದ್ದೆಗೆ ಇಳಿಯಿರಿ ಎನ್ನುವುದು ಅದಕ್ಕೆ. ಎಡ ಇನ್ನೂ ಒಳ್ಳೆಯದೆಂದು ಹಲವು ಡಾಕ್ಟರುಗಳು ಹೇಳುತ್ತಾರೆ, ಬಲಕ್ಕೆ ಮಲಗಿದರೆ ತಪ್ಪಿಲ್ಲ. ಎಚ್ಚರವಾದಾಗ ಅಂಗಾತ ಇದ್ದರೆ ಗಾಬರಿ ಬೇಡ, ಮಗ್ಗುಲಿಗೆ ತಿರುಗಿದರಾಯಿತು. ಬೆನ್ನಿನ ಹಿಂದೆ ಒಂದು ಹಳೇ ದಿಂಬು ಆನಿಸಿದರೆ ಅಂಗಾತ ಉರುಳುವುದು ಕಡಿಮೆಯಾಗುತ್ತದೆ. ದಿಂಬು ಸರಿಯಾದ ಮೇಲೂ ಸೊಂಟನೋವು ನಡೆಯಲು ಬಿಡದಷ್ಟಿದ್ದರೆ, ಕಾಲು ಜೋಮು ಹಿಡಿದರೆ, ಡಾಕ್ಟರಿಗೆ ತೋರಿಸಿ.

ಹೆರಿಗೆಯಾದ ಮೇಲೆ ಇದೇ ದಿಂಬನ್ನು ತೊಡೆಯ ಮೇಲೆ ಅರೆಸುತ್ತು ಹಾಕಿಕೊಂಡರೆ ಹಾಲೂಡಿಸುವಾಗ ಕೈಗೆ ಆಸರೆ. ಹಾಲು ಕುಡಿದ ಕೂಸು ಅದರ ಮೇಲೆ ನಿದ್ದೆ ಹೋದರೆ ಎತ್ತಿ ಬೇರೆ ಸಮತಟ್ಟಾದ ಹಾಸಿಗೆಯಲ್ಲಿ, ಅಂಗಾತ ಮಲಗಿಸಿ. ಉರುಳಬಾರದೆಂದು ಈ ದಿಂಬನ್ನು ಕೂಸಿನ ಪಕ್ಕಕ್ಕೆ ಒಡ್ಡಿ ಇಡುವುದು ನಮ್ಮಲ್ಲಿ ರೂಢಿ. ಅದು ಮಾತ್ರ ಬೇಡ, ಮುಖ ಒತ್ತಿಕೊಂಡರೆ ಸರಿಸಿಕೊಳ್ಳುವ ಶಕ್ತಿ ಆ ವಯಸ್ಸಿನ ಕೂಸಿಗೆ ಇರುವುದಿಲ್ಲ. ಆಯಿಗೂ ಈ ಮಾತನ್ನು ಮೊದಲೇ ಹೇಳಿಡಿ.