ಗೋವಾ ಟ್ರಯಥ್ಲಾನ್‌ನಲ್ಲಿ ಗಂಟೆಗೆ ಎಷ್ಟು ನೀರು ಕುಡಿಯಬೇಕು?

ಪ್ರಶ್ನೆ: ಗೋವಾದ 70.3 ಟ್ರಯಥ್ಲಾನ್‌ಗೆ (ಈಜು, ಸೈಕಲ್, ಓಟ ಸೇರಿ 70.3 ಮೈಲಿ) ಹೆಸರು ಕೊಟ್ಟಿದ್ದೇನೆ, ಇದೇ ಮೊದಲ ಸಲ. ಅಲ್ಲಿಯ ಸೆಕೆಗೆ ಗಂಟೆಗೆ ಎಷ್ಟು ಲೀಟರ್ ನೀರು ಕುಡಿಯಬೇಕು? ಕ್ರ್ಯಾಂಪ್ (ಸ್ನಾಯು ಹಿಡಿದುಕೊಳ್ಳುವುದು) ಬಾರದಿರಲು ಹಿಂದಿನ ದಿನದಿಂದಲೇ ನೀರು ತುಂಬಿಕೊಳ್ಳಬೇಕು ಅಂತಾರೆ, ನಿಜವೇ?

ಮಳೆಗಾಲ ಮುಗಿಯುತ್ತಾ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಡೊಂಬಿವಲಿಯಿಂದ, ಪಿಂಪ್ರಿಯಿಂದ, ವಾಸ್ಕೋದಿಂದ. ಊರು ಬೇರೆ, ಮಾತು ಒಂದೇ. ಉತ್ತರ ಕೊಟ್ಟಾಯಿತು ಅಂದುಕೊಂಡರೆ ಮುಂದಿನ ವರ್ಷ ಮತ್ತೆ ಅದೇ. ಈ ಸಲ ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ.

ನೇರ ಉತ್ತರ ಇಷ್ಟೇ: ಬಾಯಾರಿದಾಗ ಕುಡಿಯಿರಿ. ಹೆಚ್ಚಿನವರಿಗೆ ಅದು ಸೈಕಲ್ ಮೇಲೆ ಗಂಟೆಗೆ 500ರಿಂದ 800 ಮಿಲಿಲೀಟರ್ ಆಗುತ್ತದೆ, ಓಡುವಾಗ ಅದಕ್ಕಿಂತ ಕಡಿಮೆ. ಹಿಂದಿನ ದಿನ ತುಂಬಿಕೊಳ್ಳುವ ಮಾತು ಸುಳ್ಳು. ದೇಹ ಬಿಂದಿಗೆಯಲ್ಲ, ಬೇಡದ ನೀರನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ, ರಾತ್ರಿ ನಾಲ್ಕು ಸಲ ಎದ್ದು ನಿದ್ದೆ ಕೆಡುವುದೊಂದೇ ಲಾಭ.

ಇನ್ನು ಆ ಹಟಮಾರಿ ನಂಬಿಕೆ: "ಎಷ್ಟು ಕುಡಿದರೆ ಅಷ್ಟು ಒಳ್ಳೆಯದು." ಸೆಕೆಯ ಊರಿನಲ್ಲಿ ಇದು ಎಷ್ಟು ಸಹಜವಾಗಿ ಕೇಳಿಸುತ್ತದೆಂದರೆ ಯಾರೂ ಪ್ರಶ್ನಿಸುವುದೇ ಇಲ್ಲ. ಆದರೆ ಮೊದಲ ಸಲ ಇಷ್ಟು ದೂರ ಹೋಗುವವರಿಗೆ ಬಾಯಾರಿಕೆಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಅಪಾಯಕಾರಿಯಾದದ್ದು ಅತಿಯಾಗಿ ಕುಡಿಯುವುದು.

ಹೇಗೆಂದು ನೋಡಿ. ಸುಮ್ಮನೆ ಕುಳಿತಿರುವಾಗ ಮೂತ್ರಪಿಂಡ ಗಂಟೆಗೆ ಸುಮಾರು 800 ಮಿಲಿಲೀಟರಿನಿಂದ ಒಂದು ಲೀಟರ್‌ವರೆಗೆ ನೀರು ಹೊರಹಾಕಬಲ್ಲದು. ಗಂಟೆಗಟ್ಟಲೆ ದೇಹ ದಣಿಯುತ್ತಿದ್ದರೆ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಹೆಚ್ಚಾಗಿ, ನೀರನ್ನು ಬಿಡಬೇಡ ಎಂದು ಅದೇ ಮೂತ್ರಪಿಂಡಕ್ಕೆ ಹೇಳುತ್ತದೆ. ಆಗ ಬೆವರಿದ್ದಕ್ಕಿಂತ ಹೆಚ್ಚು ಕುಡಿದದ್ದು ಒಳಗೇ ಉಳಿಯುತ್ತದೆ. ರಕ್ತದಲ್ಲಿ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕಾದ ಸೋಡಿಯಂ ತೆಳುವಾಗುತ್ತದೆ, ನೀರು ಜೀವಕೋಶಗಳಿಗೆ ನುಗ್ಗುತ್ತದೆ. ಕೈಕಾಲು ಊದಿಕೊಳ್ಳಲು ಜಾಗವಿದೆ. ತಲೆಬುರುಡೆಯೊಳಗಿನ ಮೆದುಳಿಗೆ ಇಲ್ಲ. ವೈದ್ಯರು ಇದನ್ನು ಹೈಪೊನೆಟ್ರೀಮಿಯಾ ಅನ್ನುತ್ತಾರೆ.

ಇದು ಎಲ್ಲೋ ಲಕ್ಷಕ್ಕೊಬ್ಬರಿಗೆ ಬರುವಂಥದ್ದು ಅನ್ನಬೇಡಿ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಗುರಿ ಮುಟ್ಟಿದ 488 ಜನರ ರಕ್ತ ಪರೀಕ್ಷಿಸಿದರು. 13 ಶೇಕಡಾ ಜನರಲ್ಲಿ ಸೋಡಿಯಂ ಕಡಿಮೆಯಾಗಿತ್ತು, ಮೂವರಲ್ಲಿ ಪ್ರಾಣಾಪಾಯದ ಮಟ್ಟಕ್ಕೆ ಇಳಿದಿತ್ತು. ಯಾರಿಗೆ ಹೀಗಾಯಿತು ಅನ್ನುವುದು ಇನ್ನೂ ಮುಖ್ಯ: ಓಡುತ್ತಾ ತೂಕ ಹೆಚ್ಚಿಸಿಕೊಂಡವರಿಗೆ, ನಾಲ್ಕು ಗಂಟೆಗಿಂತ ಹೆಚ್ಚು ಸಮಯ ತೆಗೆದುಕೊಂಡವರಿಗೆ. ಇನ್ನೊಂದೆಡೆ, 2009ರ ದುಬೈ ಮ್ಯಾರಥಾನ್ ಗೆದ್ದ ಹೈಲೆ ಗೆಬ್ರೆಸೆಲಾಸಿ ಓಟದಲ್ಲಿ ಕಳೆದುಕೊಂಡದ್ದು ದೇಹತೂಕದ 9.8 ಶೇಕಡಾ! ನೀವೂ ಹಾಗೆ ಒಣಗಿ ಅನ್ನುತ್ತಿಲ್ಲ. ಎರಡು ಮೂರು ಶೇಕಡಾ ತೂಕ ಇಳಿದರೆ ಆಕಾಶ ಕಳಚಿ ಬೀಳುವುದಿಲ್ಲ ಅನ್ನುತ್ತಿದ್ದೇನೆ.

ಈಗ ನಿಮ್ಮ ದಿನವನ್ನು ಲೆಕ್ಕ ಹಾಕಿ. 1.9 ಕಿ.ಮೀ. ಕಡಲಿನ ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಒಟ್ಟು ಗಡುವು ಎಂಟೂವರೆ ಗಂಟೆ. ಮುಂದೆ ಇರುವವರಿಗೆ ನಿಂತು ಕುಡಿಯಲು ಪುರುಸೊತ್ತಿಲ್ಲ. ಏಳು, ಎಂಟು ಗಂಟೆ ತೆಗೆದುಕೊಳ್ಳುವವರು ಪಣಜಿಯ ಮೀರಾಮಾರ್ ಕಡಲತೀರದ ಸುತ್ತಮುತ್ತ ಓಡುತ್ತಾ, ನಡೆಯುತ್ತಾ, ಪ್ರತಿ ನೀರಿನ ಮೇಜಿನಲ್ಲೂ ಎರಡು ಲೋಟ ಎತ್ತಿಕೊಳ್ಳುತ್ತಾರೆ. ನಿಧಾನವಾದ್ದರಿಂದ ಬೆವರೂ ಕಡಿಮೆ. ಅಪಾಯ ನಿಮ್ಮಂಥ ಹೊಸಬರಿಗೇ ಹೆಚ್ಚು ಅನ್ನುವುದು ಅದಕ್ಕೆ.

ಲಕ್ಷಣಗಳು: ಉಂಗುರ, ವಾಚಿನ ಪಟ್ಟಿ ಬಿಗಿಯಾಗುವುದು, ಹೊಟ್ಟೆ ಗುಳುಗುಳು ಅನ್ನುವುದು, ವಾಂತಿ, ತಲೆನೋವು, ಆಮೇಲೆ ಮಾತು ತೊದಲುವುದು. ನೋಡಿದವರು "ಪಾಪ, ನೀರಿಲ್ಲದೆ ಸುಸ್ತಾಗಿದ್ದಾರೆ" ಎಂದು ಇನ್ನೊಂದು ಬಾಟಲಿ ಕೈಗಿಡುತ್ತಾರೆ. ಆ ಬಾಟಲಿಯೇ ಜೀವಕ್ಕೆ ಕುತ್ತು. ಇಂಥವರಿಗೆ ಬೇಕಾದದ್ದು ವೈದ್ಯರ ಕೈಯಿಂದ ರಕ್ತನಾಳಕ್ಕೆ 3 ಶೇಕಡಾ ಉಪ್ಪಿನ ದ್ರಾವಣ. ನೀರು ಕಡಿಮೆಯಾದವರಿಗೂ ಇವರಿಗೂ ಇರುವ ದೊಡ್ಡ ವ್ಯತ್ಯಾಸ ತೂಕ: ಅವರದು ಇಳಿದಿರುತ್ತದೆ, ಇವರದು ಹಾಗೇ ಇರುತ್ತದೆ ಅಥವಾ ಏರಿರುತ್ತದೆ. ಬೆಳಿಗ್ಗೆಯ ತೂಕವನ್ನು ಬಿಬ್‌ನ (ಸ್ಪರ್ಧಿಯ ಸಂಖ್ಯೆಯ ಚೀಟಿ) ಹಿಂಬದಿಯಲ್ಲಿ ಬರೆದುಕೊಳ್ಳಿ. ವೈದ್ಯಕೀಯ ಡೇರೆಗೆ ಹೋಗಬೇಕಾಗಿ ಬಂದರೆ ಆ ಒಂದು ಅಂಕಿ ಬಹಳ ಕೆಲಸಕ್ಕೆ ಬರುತ್ತದೆ. ಮಂಡಿ ನೋವಿಗೆಂದು ಐಬುಪ್ರೊಫೇನ್ ನುಂಗಿ ಹೊರಡಬೇಡಿ, ಅದು ಮೂತ್ರಪಿಂಡವನ್ನು ಇನ್ನಷ್ಟು ಕಟ್ಟಿಹಾಕುತ್ತದೆ.

"ನಾನು ಬರೀ ನೀರಲ್ಲ, ಸ್ಪೋರ್ಟ್ಸ್ ಡ್ರಿಂಕ್ ಕುಡಿಯುತ್ತೇನೆ" ಎನ್ನುವವರಿಗೆ ಒಂದು ಲೆಕ್ಕ. ಅಂಥ ಪಾನೀಯದ ಒಂದು ಲೀಟರಿನಲ್ಲಿ ಸೋಡಿಯಂ ಸುಮಾರು 460 ಮಿಲಿಗ್ರಾಂ. ಒಂದು ಲೀಟರ್ ರಕ್ತದ್ರವದಲ್ಲಿ ಸುಮಾರು 3,200. ಏಳರಲ್ಲಿ ಒಂದು ಪಾಲು. ಅತಿಯಾಗಿ ಕುಡಿದರೆ ಅದೂ ರಕ್ತವನ್ನು ತೆಳು ಮಾಡುತ್ತದೆ, ಸ್ವಲ್ಪ ನಿಧಾನವಾಗಿ ಅಷ್ಟೇ.

ಕ್ರ್ಯಾಂಪ್ ವಿಷಯ ಇನ್ನೂ ಬಾಕಿ ಇದೆ. ಉಪ್ಪು, ನೀರು ಕಡಿಮೆಯಾಗಿ ಕ್ರ್ಯಾಂಪ್ ಬರುವುದಾದರೆ ಮೈಯ ಸ್ನಾಯುಗಳೆಲ್ಲ ಹಿಡಿದುಕೊಳ್ಳಬೇಕಿತ್ತು, ರಕ್ತ ಎಲ್ಲ ಕಡೆಗೂ ಒಂದೇ ಅಲ್ಲವೇ? ಹಿಡಿದುಕೊಳ್ಳುವುದು ದಣಿದ ಮೀನಖಂಡ, ದಣಿದ ತೊಡೆ ಮಾತ್ರ. ಐರನ್‌ಮ್ಯಾನ್ (ಇದರ ಎರಡರಷ್ಟು ದೂರದ ಟ್ರಯಥ್ಲಾನ್) ಸ್ಪರ್ಧಿಗಳ ಮೇಲೆ ದಕ್ಷಿಣ ಆಫ್ರಿಕಾದ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ ಕ್ರ್ಯಾಂಪ್‌ಗೆ ಕಾರಣವಾಗಿ ಕಂಡದ್ದು ನೀರಿನ ಕೊರತೆಯಲ್ಲ. ಅಭ್ಯಾಸಕ್ಕೆ ಮೀರಿದ ವೇಗ, ಹಿಂದೆಯೂ ಕ್ರ್ಯಾಂಪ್ ಬಂದಿದ್ದ ಇತಿಹಾಸ, ಇವೆರಡು. ಬಂದಾಗ ಸ್ನಾಯುವನ್ನು ಎಳೆದು ಹಿಡಿದರೆ ಬಿಡುತ್ತದೆ. ಈಜುವಾಗ ಬಂದರೆ ಬೆನ್ನ ಮೇಲೆ ತೇಲುತ್ತಾ ಕಾಲಬೆರಳುಗಳನ್ನು ನಿಮ್ಮತ್ತ ಎಳೆದುಕೊಳ್ಳಿ. ಇದಕ್ಕೆ ಮದ್ದು ಬಾಟಲಿಯಲ್ಲಿಲ್ಲ, ಸೈಕಲ್ಲಿನ ಮೊದಲ 30 ಕಿ.ಮೀ.ಯಲ್ಲಿ ನೀವು ತೋರಿಸುವ ತಾಳ್ಮೆಯಲ್ಲಿದೆ.

ನಿಮ್ಮ ಬೆವರಿನ ಅಳತೆ ತಿಳಿಯಲು ಮನೆಯ ತೂಕದ ಯಂತ್ರ ಸಾಕು. ಬಟ್ಟೆ ಕಳಚಿ ತೂಗಿಕೊಳ್ಳಿ, ಸ್ಪರ್ಧೆಯ ವೇಗದಲ್ಲಿ ಒಂದು ಗಂಟೆ ಸೈಕಲ್ ತುಳಿಯಿರಿ, ಮೈ ಒರೆಸಿ ಮತ್ತೆ ತೂಗಿ. 68.4 ಕಿಲೋ ಇದ್ದದ್ದು 67.6 ಆಗಿ, ನಡುವೆ 600 ಮಿಲಿಲೀಟರ್ ಕುಡಿದಿದ್ದರೆ, ಮೂತ್ರಕ್ಕೆ ಹೋಗದಿದ್ದರೆ, ಬೆವರು 1.4 ಲೀಟರ್. ಆ 1.4 ಅನ್ನು ಪೂರ್ತಿ ತುಂಬಿಸಲು ಹೋಗಬೇಡಿ. ಅದು ದಾಟಬಾರದ ಗೆರೆ. ಪುಣೆಯವರು ಒಂದು ಮಾತು ಗಮನಿಸಿ: ಸಿಂಹಗಡದ ದಾರಿಯ ತಂಪು ಬೆಳಗಿನಲ್ಲಿ ಮಾಡಿದ ಅಳತೆ ಗೋವಾಕ್ಕೆ ಹೊಂದುವುದಿಲ್ಲ. ಒಣ ಗಾಳಿಯಲ್ಲಿ ಬೆವರು ಆರಿ ಮೈ ತಣಿಯುತ್ತದೆ, ಕರಾವಳಿಯಲ್ಲಿ ತೊಟ್ಟಿಕ್ಕುತ್ತದೆ ಅಷ್ಟೇ, ತಣಿಸುವುದಿಲ್ಲ. ಒಂದೆರಡು ವಾರಾಂತ್ಯ ನವಿ ಮುಂಬೈಗೆ ಬಂದು ಪಾಮ್ ಬೀಚ್ ರಸ್ತೆಯಲ್ಲಿ ಬಿಸಿಲೇರಿದ ಮೇಲೆ ತುಳಿಯಿರಿ, ಇಲ್ಲವೇ ಮನೆಯೊಳಗೆ ಸೈಕಲ್ ನಿಲ್ಲಿಸಿ ತುಳಿಯುವ ಟ್ರೈನರ್ ಮೇಲೆ ಫ್ಯಾನ್ ಆರಿಸಿ ಕುಳಿತುಕೊಳ್ಳಿ. ದೇಹ ಸೆಕೆಗೆ ಒಗ್ಗಲು 10ರಿಂದ 14 ದಿನ ಬೇಕು. ಸ್ಪರ್ಧೆಯಲ್ಲಿ ಸೆಕೆ ತಡೆಯಲಾಗದಿದ್ದರೆ ನೀರು ತಲೆಗೆ, ಕುತ್ತಿಗೆಗೆ, ಐಸ್ ಟೋಪಿಯೊಳಗೆ, ವೇಗ ಕಡಿಮೆ. ಹೊಟ್ಟೆಗೆ ಸುರಿದರೆ ಚರ್ಮ ತಣಿಯದು.

ಬಾಟಲಿಗೆ ಏನು ಹಾಕಬೇಕು? 750 ಮಿಲಿಲೀಟರ್ ನೀರಿಗೆ 45 ಗ್ರಾಂ ಸಕ್ಕರೆ, ಕಾಲು ಟೀಚಮಚ ಉಪ್ಪು, ಅರ್ಧ ಲಿಂಬೆ. ನಮ್ಮ ಮನೆಗಳ ಲಿಂಬೆ ಶರಬತ್ತೇ. ದುಬಾರಿ ಪುಡಿಗಳು ಇದಕ್ಕಿಂತ ಹೆಚ್ಚಿನದೇನನ್ನೂ ಮಾಡುವುದಿಲ್ಲ. ಪುನರ್ಪುಳಿ ಇಷ್ಟವಿದ್ದರೆ ಅದನ್ನೇ ಹಾಕಿ, ಆದರೆ ಅಂಗಡಿಯ ಸಿರಪ್ ಗಟ್ಟಿಯಾಗಿ ಬೆರೆಸಿದರೆ ಹೊಟ್ಟೆಯಲ್ಲೇ ನಿಂತುಬಿಡುತ್ತದೆ. ಓಆರ್‌ಎಸ್ ತುಂಬಿಕೊಂಡು ಹೊರಡುವವರು ಬಹಳ. ಅದು ಭೇದಿಗೆ ಮಾಡಿದ್ದು, ಲೀಟರಿಗೆ 13.5 ಗ್ರಾಂ ಗ್ಲುಕೋಸ್ ಮಾತ್ರ. ನಿಮಗೆ ಗಂಟೆಗೆ ಸುಮಾರು 60 ಗ್ರಾಂ ಪಿಷ್ಟ-ಸಕ್ಕರೆ ಬೇಕು. ಮೇಲಿನ ಶರಬತ್ತಿನ ಒಂದು ಬಾಟಲಿ ಜೊತೆಗೆ ಒಂದು ಬಾಳೆಹಣ್ಣು ತಿಂದರೆ ಆ ಗಂಟೆ ದಾಟುತ್ತದೆ.

ಇನ್ನು ಯಾರೂ ಕೇಳದ, ಆದರೆ ಕೇಳಲೇಬೇಕಿದ್ದ ಪ್ರಶ್ನೆ: ಓಡುವ ಸೈಕಲ್ಲಿನ ಮೇಲೆ ಕುಡಿಯಲು ನಿಮಗೆ ಬರುತ್ತದೆಯೇ? ಎಷ್ಟೋ ಹೊಸಬರಿಗೆ ಬರುವುದಿಲ್ಲ. ಬಾಟಲಿ ತುಂಬಿರುತ್ತದೆ, ಕೈ ಹ್ಯಾಂಡಲ್ ಬಿಡುವುದಿಲ್ಲ, ಸೈಕಲ್ ಇಳಿದ ಮೇಲೆ ಬಾಯಾರಿ ಒಂದೇ ಸಲಕ್ಕೆ ಮುಕ್ಕಾಲು ಲೀಟರ್ ಸುರಿದುಕೊಳ್ಳುತ್ತಾರೆ. ಖಾಲಿ ರಸ್ತೆಯಲ್ಲಿ ಹೀಗೆ ಕಲಿಯಿರಿ: ಪೆಡಲ್ ತುಳಿಯುತ್ತಲೇ ಇರಿ, ಹ್ಯಾಂಡಲ್ಲಿನ ಒಳಭಾಗ, ಸ್ಟೆಮ್‌ಗೆ (ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ನಡುಭಾಗ) ಹತ್ತಿರ, ಒಂದು ಕೈಯಲ್ಲಿ ಹಿಡಿಯಿರಿ, ಕಣ್ಣು ರಸ್ತೆಯ ಮೇಲಿರಲಿ, ಬಾಟಲಿಯನ್ನು ನೋಡದೆ ತೆಗೆದು ನೋಡದೆ ಇಡಿ. ಸ್ಪರ್ಧೆಯಲ್ಲಿ ಎಡಗೈಯಿಂದ ಬಾಟಲಿ ಇಸಿದುಕೊಳ್ಳುವಾಗ ಬಲಗೈ ಬ್ರೇಕ್ ಮೇಲಿರುತ್ತದೆ. ನಮ್ಮಲ್ಲಿನ ಹೆಚ್ಚಿನ ಸೈಕಲ್‌ಗಳಲ್ಲಿ ಅದು ಮುಂದಿನ ಚಕ್ರದ್ದು. ಗಾಬರಿಯಲ್ಲಿ ಜೋರಾಗಿ ಹಿಡಿದರೆ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತೀರಿ. ನಿಮ್ಮದು ಯಾವುದೆಂದು ಇವತ್ತೇ ನೋಡಿಕೊಳ್ಳಿ. ನೀರಿನ ಮೇಜಿಗೆ ಐವತ್ತು ಮೀಟರ್ ಇರುವಾಗಲೇ ವೇಗ ಇಳಿಸಿ. ಸೀಟಿನ ಹಿಂದೆ ಬಾಟಲಿ ಕಟ್ಟಿಕೊಳ್ಳುವವರು ಅದಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿ, ಸ್ಪೀಡ್ ಬ್ರೇಕರ್ ಮೇಲೆ ಅದು ಎಗರಿ ಹಿಂದಿನವರ ಚಕ್ರದಡಿಗೆ ಹೋಗುತ್ತದೆ. ಖಾಲಿ ಬಾಟಲಿಯನ್ನು ಗೊತ್ತುಮಾಡಿದ ಜಾಗದಲ್ಲೇ ಎಸೆಯಿರಿ, ಬೇರೆಡೆ ಎಸೆದರೆ ದಂಡದ ಸಮಯ ಬೀಳುತ್ತದೆ.