ಆಕಾಶದ ಬೆಳಕು: ‘ಗೊತ್ತಾಗಲಿಲ್ಲ’ ಅನ್ನೋದರಲ್ಲೂ ಎರಡು ಬಗೆ

ಆಕಾಶದಲ್ಲಿ ಕಂಡ, ಗುರುತು ಸಿಗದ ಬೆಳಕುಗಳ ವಿಷಯವನ್ನು ಪರೀಕ್ಷೆಗೆ ಓದೋಕೆ ಕೂತವರು ಹಾರುವ ತಟ್ಟೆಯ ಕಥೆಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಲಡಾಖ್‌ನಿಂದ ಶುರು ಮಾಡೋಣ. ಅಲ್ಲಿನ ಗಡಿಯಲ್ಲಿ ನಮ್ಮ ಸೈನಿಕರು 2012ರ ಆಗಸ್ಟ್‌ನಿಂದ ಆರೇಳು ತಿಂಗಳಲ್ಲಿ ಗುರುತು ಸಿಗದ ಬೆಳಕುಗಳನ್ನು 329 ಸಲ ಕಂಡಿದ್ದಾಗಿ ದಾಖಲಿಸಿದ್ದರು. ಚೀನಾದ ಡ್ರೋನ್ ಇರಬಹುದು ಅನ್ನೋ ಅನುಮಾನ. ಕೊನೆಗೆ ಈ ಒಗಟು ಬಿಡಿಸಿದ್ದು ಯಾರು ಗೊತ್ತಾ? ಬೆಂಗಳೂರಿನ ಕೋರಮಂಗಲದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಖಗೋಳ ವಿಜ್ಞಾನಿಗಳು.

ಸುಳಿವು ಇದ್ದದ್ದು ಸಮಯದಲ್ಲಿ. ಒಂದು ಬೆಳಕು ಸಂಜೆ 6ರ ಸುಮಾರಿಗೆ ಬಂದು ಬೆಳಗಿನ ಜಾವ 5ರ ತನಕ ಇರುತ್ತಿತ್ತು. ಇನ್ನೊಂದು ಬೆಳಗಿನ ಜಾವ 4ಕ್ಕೆ ಬಂದು ಹಗಲು 11ಕ್ಕೆ ಮರೆಯಾಗುತ್ತಿತ್ತು. ಮೊದಲನೆಯದು ಗುರು, ಎರಡನೆಯದು ಶುಕ್ರ, ಅಂದರೆ ನಮ್ಮ ಅಜ್ಜಿಯರು ನೋಡಿ ಹೊತ್ತು ಹೇಳುತ್ತಿದ್ದ ಅದೇ ಬೆಳ್ಳಿ. ಹಗಲು 11ಕ್ಕೂ ಕಾಣುತ್ತಾ ಅಂತ ನನಗೂ ಆಶ್ಚರ್ಯವಾಯಿತು. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಧೂಳು ಕಡಿಮೆ, ಹಾಗಾಗಿ ಕಾಣುತ್ತದೆ. ಸೈನಿಕರು ಸಮಯ ಬರೆದಿಡದೆ ಸುಮ್ನೆ ‘ಏನೋ ಹೊಳೆಯಿತು’ ಅಂದಿದ್ದರೆ ಯಾವ ವಿಜ್ಞಾನಿಯೂ ಏನೂ ಹೇಳೋಕೆ ಆಗುತ್ತಿರಲಿಲ್ಲ.

ಇಂಥ ಬೆಳಕು, ವಸ್ತುಗಳನ್ನು ಕಂಡ ವರದಿಗಳ ಬಗ್ಗೆ ಅಮೆರಿಕದ ವಾಯುಪಡೆ ನಡೆಸಿದ ತನಿಖೆ ‘ಪ್ರಾಜೆಕ್ಟ್ ಬ್ಲೂ ಬುಕ್’ ಮುಗಿದದ್ದು 1969ರಲ್ಲಿ. ಒಟ್ಟು 12,618 ಪ್ರಕರಣ, ಗುರುತು ಸಿಗದೇ ಉಳಿದದ್ದು 701. ಈ 701 ಅನ್ನೋ ಸಂಖ್ಯೆ ಹಿಡಿದು ಜನ ಏನೇನೋ ಹೇಳುತ್ತಾರೆ. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಫ್ರಾನ್ಸಿನ ಪದ್ಧತಿ. ಅಲ್ಲಿನ ಬಾಹ್ಯಾಕಾಶ ಸಂಸ್ಥೆಯಲ್ಲಿ 1977ರಿಂದ ಇದಕ್ಕೇ ಒಂದು ವಿಭಾಗ ಇದೆ, ಈಗ ಅದರ ಹೆಸರು ಗೈಪಾನ್. ಅವರು ನಾಲ್ಕು ಗುಂಪು ಮಾಡುತ್ತಾರೆ. ‘ಎ’ ಅಂದರೆ ಖಚಿತವಾಗಿ ಗೊತ್ತಾಯಿತು, ‘ಬಿ’ ಅಂದರೆ ಬಹುತೇಕ ಗೊತ್ತಾಯಿತು. ‘ಸಿ’ ಅಂದರೆ ಮಾಹಿತಿಯೇ ಸಾಲದು. ‘ಡಿ’ ಅಂದರೆ ಮಾಹಿತಿ ಚೆನ್ನಾಗಿದೆ, ತನಿಖೆಯೂ ಆಗಿದೆ, ಆದರೂ ಉತ್ತರ ಸಿಕ್ಕಿಲ್ಲ. ಸಿ ಮತ್ತು ಡಿ ಎರಡನ್ನೂ ನಾವು ‘ಗೊತ್ತಾಗಲಿಲ್ಲ’ ಅಂತಲೇ ಹೇಳುತ್ತೇವೆ ಅಲ್ವಾ? ಪರೀಕ್ಷೆಗೆ ಬರೆಯುವಾಗ ಇವೆರಡನ್ನು ದಯವಿಟ್ಟು ಒಂದೇ ಮಾಡಬೇಡಿ. ಇದೇ ವಿಷಯಕ್ಕೆ ನಾಸಾ ನೇಮಿಸಿದ್ದ ತಂಡವೂ ಒಳ್ಳೆಯ ಮಾಹಿತಿ ಇಲ್ಲದಿರುವುದೇ ದೊಡ್ಡ ತೊಡಕು ಅಂತ 2023ರಲ್ಲಿ ಹೇಳಿತು.

ಇದು ನನಗೆ ನಿಜವಾಗಿ ಅರ್ಥವಾದದ್ದು ನಮ್ಮ ಮನೆಯ ಟೆರೇಸಿನಲ್ಲಿ. ಒಂದು ಸಂಜೆ ಪಕ್ಕದ ಮನೆ ಹುಡುಗಿ ಓಡಿ ಬಂದು ‘ಅಕ್ಕಾ, ಅದು ಅಲ್ಲಾಡ್ತಾನೇ ಇಲ್ಲ ನೋಡಿ’ ಅಂದಳು. ಪಶ್ಚಿಮಕ್ಕೆ ಬಿಳಿ ಬೆಳಕು, ತುಂಬಾ ಪ್ರಖರ. ಕತ್ತಲಲ್ಲಿ ಒಂದೇ ಚುಕ್ಕೆಯನ್ನು ದಿಟ್ಟಿಸಿದರೆ ಅದು ತೇಲಾಡಿದ ಹಾಗೆ ಕಣ್ಣಿಗೆ ಅನ್ನಿಸುತ್ತದೆ, ಅದಕ್ಕೇ ಇಬ್ಬರೂ ನೀರಿನ ಟ್ಯಾಂಕಿನ ಅಂಚಿಗೆ ತಲೆ ಒರಗಿಸಿ ಆ ಅಂಚನ್ನೇ ಗುರುತಾಗಿಟ್ಟುಕೊಂಡು ನೋಡಿದೆವು. ಕೈ ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಸುಮಾರು 10 ಡಿಗ್ರಿ ಅಳತೆ, ಬೆಳಕು ದಿಗಂತದ ಮೇಲೆ ಒಂದು ಮುಷ್ಟಿಗಿಂತ ಕಡಿಮೆ ಎತ್ತರದಲ್ಲಿತ್ತು. ಮೂರು ನಿಮಿಷ ಅದು ಕದಲಲೇ ಇಲ್ಲ. ಆಮೇಲೆ ನಿಧಾನಕ್ಕೆ ಪಕ್ಕಕ್ಕೆ ತಿರುಗಿತು, ಕೆಂಪು ದೀಪ ಕಂಡಿತು, ಸದ್ದೂ ಕೇಳಿತು. ವಿಮಾನ! ನೇರ ನಮ್ಮ ಕಡೆಗೇ ಬರುತ್ತಿದ್ದರಿಂದ ನಿಂತ ಹಾಗೆ ಕಂಡಿತ್ತು.

ಎರಡನೇ ನಿಮಿಷಕ್ಕೇ ನಾವು ಕೆಳಗೆ ಇಳಿದುಬಿಟ್ಟಿದ್ದರೆ ನನ್ನ ಪುಸ್ತಕದಲ್ಲಿ ಅದು ‘ಸಿ’ ಆಗಿ ಉಳಿಯುತ್ತಿತ್ತು.