ಪದ ಪರಿಚಯ: ಫಾಸಿಕಿಂಗ್

ರಾಗಿ ಜಾಲಿಸುವುದನ್ನು ನೋಡಿದ್ದೀರಿ, ಅಲ್ವಾ? ನೀರು ಹಾಕಿ ಪಾತ್ರೆಯನ್ನು ಓಲಾಡಿಸಿದರೆ ಕಾಳು ನೀರಿನ ಜೊತೆ ಆಚೆ ಹರಿಯುತ್ತದೆ, ಕಲ್ಲು ತಳದಲ್ಲಿ ಕೂರುತ್ತದೆ. ಹೊಳೆಯ ಮರಳಿನಿಂದ ಚಿನ್ನ ತೆಗೆಯುವುದೂ ಇದೇ ಕೆಲಸ. ಅಲ್ಲಿ ಬೇಕಾದದ್ದು ತಳದಲ್ಲಿ ಉಳಿಯುತ್ತದೆ, ಅಷ್ಟೇ ವ್ಯತ್ಯಾಸ. ಚಿನ್ನ ಮರಳಿಗಿಂತ ಸುಮಾರು 7 ಪಟ್ಟು ಭಾರ. ಅದಕ್ಕೇ ಬಂಡೆಯ ಹಿಂದೆ, ತಿರುವಿನ ಒಳಬದಿಯಲ್ಲಿ, ನೀರಿನ ರಭಸ ತಗ್ಗಿದಲ್ಲೆಲ್ಲ ಅದು ನಿಲ್ಲುತ್ತದೆ.

ಹೀಗೆ ಹವ್ಯಾಸಕ್ಕಾಗಿ ತೊರೆಗಳಲ್ಲಿ ಚಿನ್ನವನ್ನೋ ಹರಳನ್ನೋ ಹುಡುಕುವುದನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಫಾಸಿಕಿಂಗ್ ಎನ್ನುತ್ತಾರೆ. ಪದ ಬಂದದ್ದು ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಆಡುಮಾತಿನಿಂದ ಎನ್ನುತ್ತಾರೆ. ಕೆದಕು, ತಡಕಾಡು ಎಂಬ ಅರ್ಥ. ಕೀಲಿಕೈಗಾಗಿ ಡ್ರಾಯರ್ ತಡಕಾಡುವುದಕ್ಕೂ ಅಲ್ಲಿನವರು ಇದೇ ಪದ ಬಳಸುತ್ತಾರೆ.

ಈ ಪದದ ಒಳಗೇ ಒಂದು ಮಿತಿ ಇದೆ: ಕೈಯಿಂದ ಆಗುವಷ್ಟು ಮಾತ್ರ. ನ್ಯೂಜಿಲೆಂಡ್‌ನಲ್ಲಿ ಭೂಮಿಯೊಳಗಿನ ಚಿನ್ನ ಸರ್ಕಾರದ್ದು. ಆದರೂ 1991ರ ಖನಿಜ ಕಾಯ್ದೆಯಡಿ ಕೆಲವು ಜಾಗಗಳನ್ನು ಜನರಿಗಾಗಿ ಬಿಟ್ಟಿದ್ದಾರೆ. 1862ರಲ್ಲಿ ಚಿನ್ನಕ್ಕಾಗಿ ಜನ ಮುಗಿಬಿದ್ದ ಆ್ಯರೋ ನದಿಯಲ್ಲೂ ಅಂಥ ಜಾಗ ಇದೆ. ಅಲ್ಲಿ ಪರವಾನಗಿ ಬೇಡ, ಸಿಕ್ಕಿದ್ದು ನಿಮ್ಮದೇ. ಮರಳು ಜಾಲಿಸುವ ತಟ್ಟೆ (ಪ್ಯಾನ್), ಸಲಿಕೆ, ಮರಳು ತೊಳೆಯುವ ಸ್ಲೂಸ್ ಪೆಟ್ಟಿಗೆ ಬಳಸಬಹುದು. ಮೋಟಾರ್ ಇರುವ ಯಾವುದನ್ನೂ ಬಳಸುವಂತಿಲ್ಲ.

ಮೋಟಾರ್ ಬಗ್ಗೆ ಯಾಕಿಷ್ಟು ಬಿಗಿ? ತೊರೆಯ ತಳ ಸುಮ್ನೆ ಬಿದ್ದಿರುವ ಕಲ್ಲಿನ ರಾಶಿ ಅಲ್ಲ. ಜಲ್ಲಿಕಲ್ಲುಗಳ ಸಂದಿನಲ್ಲಿ ಮೀನು ಮೊಟ್ಟೆ ಇಟ್ಟಿರುತ್ತದೆ, ಮೀನಿಗೆ ಆಹಾರವಾಗುವ ಹುಳಗಳೂ ಅಲ್ಲೇ ಬೆಳೆಯುತ್ತವೆ. ಆ ಸಂದುಗಳಲ್ಲಿ ನೀರು ಹರಿಯುತ್ತಿದ್ದರೆ ಮಾತ್ರ ಮೊಟ್ಟೆಗೆ ಉಸಿರು. ಮೋಟಾರ್ ಹಚ್ಚಿ ತಳ ಕದಡಿದರೆ, ದಂಡೆ ಕೊರೆದರೆ ನುಣ್ಣನೆ ಮಣ್ಣು ಇಳಿದು ಸಂದುಗಳನ್ನೆಲ್ಲ ಮುಚ್ಚುತ್ತದೆ. ಮೇಲಿನ ನೀರು ಒಂದು ಗಂಟೆಯಲ್ಲಿ ತಿಳಿಯಾಗಬಹುದು, ಕೆಳಗೆ ಮೊಟ್ಟೆ ಸತ್ತಿರುತ್ತದೆ. ದಂಡೆ ಮುಟ್ಟಬೇಡಿ, ತೋಡಿದ ಗುಂಡಿ ಮುಚ್ಚಿ ಅಂತ ಹೇಳುವುದು ಇದಕ್ಕೇ. ಇದು ಬರೀ ಶಿಸ್ತಿನ ಮಾತಲ್ಲ.

ಕ್ಯಾಲಿಫೋರ್ನಿಯಾದ ಕಥೆ ಇನ್ನೂ ಗಂಭೀರ. ಅಲ್ಲಿ ಹವ್ಯಾಸಿಗಳು ಸಕ್ಷನ್ ಡ್ರೆಡ್ಜ್ ಬಳಸುತ್ತಿದ್ದರು. ಅದು ಹೊಳೆಯ ತಳವನ್ನು ವ್ಯಾಕ್ಯೂಮ್ ಕ್ಲೀನರ್‌ನಂತೆ ಹೀರುವ ಯಂತ್ರ. 19ನೇ ಶತಮಾನದಲ್ಲಿ ಗಣಿಗಾರರು ಚಿನ್ನ ಹಿಡಿಯಲು ಬಳಸಿದ ಪಾದರಸ ಇವತ್ತಿಗೂ ಆ ಕೆಸರಿನಲ್ಲಿದೆ. ತಳ ಕದಡಿದರೆ ಅದು ಮೇಲೆದ್ದು ಮೀನಿಗೆ ಸೇರುತ್ತದೆ, ಮೀನಿನಿಂದ ತಿನ್ನುವವರಿಗೆ. 2009ರಲ್ಲಿ ಆ ರಾಜ್ಯ ಈ ಯಂತ್ರಗಳಿಗೆ ತಡೆ ಹಾಕಿತು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ. ಒಬ್ಬರ ಭಾನುವಾರದ ಖುಷಿಗಿಂತ ಆ ಮೀನು ತಿನ್ನುವ ಮಕ್ಕಳು ಮುಖ್ಯ.

ಕೈಯಲ್ಲೇ ಮಾಡಿದರೂ ಹಾನಿ ಆಗಬಹುದು. ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದಲ್ಲಿ 2004ರಲ್ಲಿ ಡಿಡಿಮೊ ಎಂಬ ಪಾಚಿ ಕಾಣಿಸಿಕೊಂಡಿತು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ, ಆದರೆ ಬೆಳೆದರೆ ಕಲ್ಲುಗಳ ಮೇಲೆ ಕಂಬಳಿ ಹೊದಿಸಿದಂತೆ ಆಗುತ್ತದೆ. ಒದ್ದೆ ಬೂಟಿನ ಒಂದು ಹನಿ ನೀರು ಸಾಕು, ಅದು ಇನ್ನೊಂದು ಹೊಳೆ ಸೇರುತ್ತದೆ. ಹಾಗಾಗಿ ಪ್ಯಾನ್, ಬೂಟು ಎಲ್ಲವನ್ನೂ ತೊಳೆದು, ಪೂರ್ತಿ ಒಣಗಿದ ಮೇಲೂ 48 ಗಂಟೆ ಬಿಟ್ಟು ಬೇರೆ ಹೊಳೆಗೆ ಇಳಿಯಬೇಕು.

ಮೆಲ್ಬರ್ನ್ ಕಡೆ ಇರುವ ಕನ್ನಡಿಗರಿಗೆ ಒಂದು ಮಾತು. ವಿಕ್ಟೋರಿಯಾ ರಾಜ್ಯದಲ್ಲಿ 'ಮೈನರ್ಸ್ ರೈಟ್' ಎಂಬ ಹಕ್ಕುಪತ್ರ ಕೊಳ್ಳಲೇಬೇಕು. ಅದು 10 ವರ್ಷ ನಡೆಯುತ್ತದೆ. ಅದಿದ್ದ ಮಾತ್ರಕ್ಕೆ ಎಲ್ಲ ತೊರೆಯಲ್ಲೂ ಇಳಿಯಬಹುದು ಅಂತಲ್ಲ, ರಾಷ್ಟ್ರೀಯ ಉದ್ಯಾನಗಳ ನಿಯಮ ಬೇರೆ. ಹೊರಡುವ ಮೊದಲು ವಿಚಾರಿಸಿ.

ನಮ್ಮಲ್ಲಿ ಈ ಹವ್ಯಾಸಕ್ಕೆ ಜಾಗವಿಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆಯಂತೆ ಪರವಾನಗಿ ಇಲ್ಲದೆ ಖನಿಜ ಹುಡುಕುವಂತಿಲ್ಲ. ಆದರೆ ಕೆಲಸಕ್ಕೆ ಹೆಸರು ಹಳೆಯದೇ ಇದೆ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ಜಾಲಿಸಿ ಚಿನ್ನ ತೆಗೆಯುತ್ತಿದ್ದವರನ್ನು ಜಾಲಗಾರರು ಎನ್ನುತ್ತಿದ್ದರು. ಆದರೂ ಫಾಸಿಕಿಂಗ್‌ಗೆ ಆ ಪದವನ್ನು ಹಾಗೇ ಎತ್ತಿ ಕೂರಿಸಲು ನನಗೆ ಮನಸ್ಸು ಬರುವುದಿಲ್ಲ. ಫಾಸಿಕಿಂಗ್ ಬಿಡುವಿನ ಆಟ. ಜಾಲಗಾರರಿಗೆ ಅದು ಅವತ್ತಿನ ಊಟ.